ಬಸ್ಸಾರು ಕಲಿಸಿದ ಮನೆಲೆಕ್ಕ

ಕೈ ಬಿಗಿಯಾದಾಗ ಮನೆಯಲ್ಲಿ ಮೊದಲು ಇಳಿಯುವುದು ತರಕಾರಿ ಚೀಲದ ತೂಕ. ಹಣ್ಣು ನಿಲ್ಲುತ್ತದೆ, ಅರ್ಧ ಲೀಟರ್ ಹಾಲು ಕಡಿಮೆಯಾಗುತ್ತದೆ, ಸಾರಿನಲ್ಲಿ ಬೇಳೆಯನ್ನು ಹುಡುಕಬೇಕಾಗುತ್ತದೆ. 2020ರ ಲಾಕ್‌ಡೌನಿನಲ್ಲಿ ನಮ್ಮ ಮನೆಯವರಿಗೆ ಕಾರ್ಖಾನೆಯಿಂದ ಅರ್ಧ ಸಂಬಳ ಬರತೊಡಗಿದಾಗ ಮೈಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಉಣ್ಣುವವರು ಐದು ಜನ: ನಾವಿಬ್ಬರು, ಬೆಳೆಯುವ ವಯಸ್ಸಿನ ಇಬ್ಬರು ಮಕ್ಕಳು, ಮದ್ದೂರಿನ ಕಡೆಯ ಹಳ್ಳಿಯಿಂದ ಬಂದು ನಮ್ಮೊಂದಿಗಿದ್ದ ಅತ್ತೆ. ಆದರೂ ಆ ವರ್ಷ ನಮ್ಮ ತಟ್ಟೆಯಲ್ಲಿ ಸೊಪ್ಪು, ಕಾಳು ಮೊದಲಿಗಿಂತ ಹೆಚ್ಚೇ ಆಯಿತು. ಸಂಬಳ ಸರಿಹೋದ ಮೇಲೂ ಆಗ ಕಲಿತ ಪದ್ಧತಿಯನ್ನು ನಾನು ಬಿಟ್ಟಿಲ್ಲ. ಅದರಿಂದ ನನಗೆ ತಿಳಿದದ್ದು ಇಷ್ಟು: ಉಳಿತಾಯ ಬಡಿಸುವಾಗ ಆಗುವುದಲ್ಲ, ಒಲೆ ಹಚ್ಚುವ ಮುಂಚೆಯೇ ಆಗಿರಬೇಕು.

ಅತ್ತೆಯ ಅಡುಗೆಯಲ್ಲಿ ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಬಸ್ಸಾರಿನಲ್ಲಿ. ಒಂದು ಪಾವು ಅಲಸಂದೆ ಕಾಳನ್ನು ರಾತ್ರಿಯೇ ನೆನೆಹಾಕುತ್ತಾರೆ. ಬೆಳಿಗ್ಗೆ ಕಾಳು ಮುಕ್ಕಾಲು ಬೆಂದ ಮೇಲೆ ಎರಡು ಕಂತೆ ದಂಟಿನ ಸೊಪ್ಪನ್ನು ಎಳೆಯ ದಂಟಿನ ಸಮೇತ ಹೆಚ್ಚಿ ಹಾಕಿ, ಉಪ್ಪು ಹಾಕಿ, ಕಾಳು ಒಡೆಯುವ ಮುಂಚೆ ಇಳಿಸುತ್ತಾರೆ. ಆಮೇಲೆ ತೂತಿನ ಪಾತ್ರೆಗೆ ಸುರಿದು ಕೆಳಗೆ ಕಟ್ಟನ್ನು ಬಸಿದುಕೊಳ್ಳುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಜೀರಿಗೆ, ನಾಲ್ಕು ಕಾಳು ಮೆಣಸು, ಸಾರಿನ ಪುಡಿ, ಹುಣಸೆಹಣ್ಣು, ಒಂದಿಷ್ಟು ಕಾಯಿತುರಿ ಸೇರಿಸಿ ರುಬ್ಬುವಾಗ ಬೆಂದ ಸೊಪ್ಪು ಕಾಳನ್ನೂ ಒಂದು ಹಿಡಿ ಹಾಕುತ್ತಾರೆ. ಸಾರು ಗಟ್ಟಿಯಾಗುವುದು ಆ ಒಂದು ಹಿಡಿಯಿಂದ, ಹಾಗಾಗಿ ಕಾಯಿ ಜಾಸ್ತಿ ಬೇಡ. ಕಟ್ಟಿಗೆ ಇದನ್ನು ಕದಡಿ ಕುದಿಸಿದರೆ ಸಾರು. ತೂತಿನ ಪಾತ್ರೆಯಲ್ಲಿ ಉಳಿದದ್ದಕ್ಕೆ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಸಲ ಬೇಯಿಸಿದ್ದರಲ್ಲಿ ಮುದ್ದೆಗೆ ಸಾರು, ನೆಂಚಿಕೊಳ್ಳಲು ಪಲ್ಯ ಎರಡೂ ಆದವು. ಮಾರನೇ ದಿನ ಮತ್ತೆ ಕುದಿಸಿದ ಬಸ್ಸಾರಿಗೆ ಮೊದಲ ದಿನಕ್ಕಿಂತ ಹೆಚ್ಚು ರುಚಿ ಬರುತ್ತದೆ ಎಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತು.

ಕಾಳು ಬೇಯಿಸಿದ ನೀರನ್ನು ನಾನು ಬಗ್ಗಿಸಲು ಹೊರಟರೆ ಅತ್ತೆ ಒಳಗಿನಿಂದಲೇ ಕೂಗುತ್ತಿದ್ದರು: "ಚೆಲ್ಬ್ಯಾಡ ಕಣವ್ವ, ಒಂದೊತ್ನ ಸಾರು ಅದ್ರೊಳ್ಗೇ ಅದೆ." ಹುರುಳಿಯ ಕಟ್ಟಿನ ಸಾರು, ಉಪ್ಸಾರು, ಮೊಳಕೆ ಕಾಳಿನ ಸಾರು ಎಲ್ಲವೂ ಇದೇ ಲೆಕ್ಕದಲ್ಲಿ ಹುಟ್ಟಿದವು. ಮಂಡ್ಯ, ಮೈಸೂರು, ರಾಮನಗರದ ಕಡೆಯ ರೈತರ ಮನೆಗಳಲ್ಲಿ ಸೌದೆಗೂ ಬೆಲೆ ಇತ್ತು, ಕಾಳಿಗೂ ಬೆಲೆ ಇತ್ತು. ಎರಡನ್ನೂ ಒಂದೇ ಸಲ ಖರ್ಚು ಮಾಡಿ ಎರಡು ಸಲ ಉಣ್ಣುವುದನ್ನು ಅವರು ಕಂಡುಕೊಂಡರು. ಇದನ್ನು ಬಡವರ ಅಡುಗೆ ಎಂದು ಕರೆಯುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಸೊಪ್ಪು, ಕಾಳು, ರಾಗಿ ಒಂದೇ ಊಟದಲ್ಲಿ ಸೇರುವ ಅಡುಗೆ ಸಿರಿವಂತರ ಮನೆಯಲ್ಲೂ ದಿನಾ ಆಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇರುತ್ತದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಬಸ್ಸಾರಿನ ಈ ಲೆಕ್ಕವನ್ನು ಬೇರೆ ಅಡುಗೆಗಳಿಗೂ ಹಚ್ಚುತ್ತಾ ಹೋದೆ. ಏನೇ ಮಾಡಲು ಹೊರಟರೂ ಇದರಿಂದ ಮುಂದಿನ ಹೊತ್ತಿಗೆ ಏನು ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುತ್ತೇನೆ. ಹೀರೆಕಾಯಿ ತಂದರೆ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಉದ್ದಿನಬೇಳೆ, ಒಣಮೆಣಸಿನಕಾಯಿ, ಇಂಗು ಹುರಿದು, ಸಿಪ್ಪೆ ಬಾಡಿಸಿ ಹುಣಸೆಹಣ್ಣಿನ ಜೊತೆ ರುಬ್ಬಿದರೆ ಅದಕ್ಕೆ ಬೇರೆ ತರಕಾರಿಯೇ ಬೇಡ. ಕೊತ್ತಂಬರಿಯ ಎಲೆ ಮೇಲೆ ಉದುರಿಸಲು, ದಂಟು ಮಸಾಲೆಗೆ. ಕಲ್ಲಂಗಡಿಯ ಕೆಂಪು ಮಕ್ಕಳಿಗೆ, ಬಿಳಿ ಭಾಗ ಅಕ್ಕಿಯ ಜೊತೆ ರುಬ್ಬಿ ದೋಸೆಗೆ. ಹಲಸಿನ ಬೀಜ ತೊಳೆದು ಒಣಗಿಸಿಟ್ಟರೆ ಮಳೆಗಾಲದ ಸಾರಿಗೆ. ಇಡ್ಲಿ ಹಿಟ್ಟು ಮೊದಲ ದಿನ ಇಡ್ಲಿ, ಮಾರನೇ ದಿನ ದೋಸೆ, ಹುಳಿ ಏರಿದ ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ ಪಡ್ಡು. ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ, ಇಲ್ಲವೇ ಅಕ್ಕಿ ರೊಟ್ಟಿಯ ಹಿಟ್ಟಿಗೆ ಬೀಳುತ್ತದೆ. ಅನ್ನ ಸೇರಿದ ರೊಟ್ಟಿ ತಣ್ಣಗಾದರೂ ಮೆದುವಾಗಿರುತ್ತದೆ, ಮಕ್ಕಳ ಡಬ್ಬಿಗೆ ಅದೇ ಸರಿ. ಉಳಿದದ್ದನ್ನು ಮುಗಿಸುವುದಕ್ಕಿಂತ, ಉಳಿಯುವುದು ಏನಾಗಬೇಕೆಂದು ಮೊದಲೇ ಗೊತ್ತಿರುವುದು ದೊಡ್ಡದು. ಗೊತ್ತಿಲ್ಲದೆ ಉಳಿದದ್ದು ಫ್ರಿಜ್ಜಿನ ಹಿಂದಿನ ಸಾಲಿಗೆ ಹೋಗಿ ಅಲ್ಲೇ ಕೆಡುತ್ತದೆ.

ಇನ್ನು ಬೆಲೆಯ ವಿಚಾರ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋಯಿತು. 2023ರ ಜುಲೈನಲ್ಲಿ ಟೊಮೆಟೊ 100 ರೂಪಾಯಿ ದಾಟಿತು. 2025ರಲ್ಲಿ ತೆಂಗಿನಕಾಯಿ ಕೊಳ್ಳುವಾಗ ಕೈ ಹಿಂಜರಿಯುವಂತಾಯಿತು. ಪ್ರತಿ ಸಲವೂ ಬೆಲೆ ಕೇಳಿ ಮನಸ್ಸು ಕೆಡಿಸಿಕೊಳ್ಳುವ ಬದಲು ನಾನು ಕೇಳಿಕೊಳ್ಳುವುದು ಒಂದೇ: ಈ ಪದಾರ್ಥ ನನ್ನ ಅಡುಗೆಯಲ್ಲಿ ಮಾಡುವ ಕೆಲಸ ಏನು? ಟೊಮೆಟೊ ಸಾರಿಗೆ ಕೊಡುವುದು ಹುಳಿ. ಹುಳಿಗೆ ಹುಣಸೆಹಣ್ಣಿದೆ, ಮಾವಿನಕಾಯಿಯಿದೆ, ಬೆಟ್ಟದ ನೆಲ್ಲಿಕಾಯಿಯಿದೆ, ಹುಳಿ ಮಜ್ಜಿಗೆಯಿದೆ. ಇಂದಿಗೂ ಹಲವು ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಟೊಮೆಟೊ ಹಾಕುವುದಿಲ್ಲ. ಆ ದಿನದ ಸಾರಿಗೆ ಹುಳಿಯೇನೂ ಕಡಿಮೆಯಾಗುವುದಿಲ್ಲ. ತೆಂಗಿನಕಾಯಿ ಚಟ್ನಿಗೆ ಕೊಡುವುದು ಮೈ. ಅರ್ಧ ಕಾಯಿಯ ಜಾಗಕ್ಕೆ ಹುರಿಗಡಲೆ ಅಥವಾ ಹುರಿದ ಕಡಲೆಕಾಯಿ ಬಂದರೆ ಮೈ ಬರುತ್ತದೆ. ಹುಚ್ಚೆಳ್ಳಿನ ಪುಡಿ ಮನೆಯಲ್ಲಿದ್ದರೆ ಕಾಯಿಯೇ ಇಲ್ಲದೆ ಒಂದು ಹೊತ್ತು ಸಾಗುತ್ತದೆ. ತೊಗರಿಬೇಳೆ ದುಬಾರಿಯಾದ ತಿಂಗಳು ವಾರದಲ್ಲಿ ಎರಡು ದಿನ ಮಾತ್ರ ಹುಳಿ ಮಾಡಿ, ಉಳಿದ ದಿನ ಹುರುಳಿ, ಹೆಸರುಕಾಳು, ಅಲಸಂದೆಯ ಸರದಿ ಮಾಡಿಕೊಂಡೆವು. ಮನೆಯಲ್ಲಿ ಯಾರೂ ತೊಗರಿ ಬೇಕೆಂದು ಹಟ ಹಿಡಿಯಲಿಲ್ಲ.

ಯಾವುದನ್ನು ಯಾವಾಗ ಕೊಳ್ಳಬೇಕು ಎಂಬುದೂ ಅಡುಗೆಯ ಭಾಗವೇ. ಹೊಸ ರಾಗಿ ಸುಗ್ಗಿ ಮುಗಿದ ಮೇಲೆ, ಕಲಬುರಗಿ ಕಡೆಯ ಹೊಸ ತೊಗರಿ ಜನವರಿ ಫೆಬ್ರವರಿಯಲ್ಲಿ, ಬ್ಯಾಡಗಿ ಮೆಣಸಿನಕಾಯಿ ಅದೇ ಸುಮಾರಿಗೆ, ಹುಣಸೆಹಣ್ಣು ಬೇಸಿಗೆ ಶುರುವಾಗುವ ಹೊತ್ತಿಗೆ. ನಮ್ಮ ವರ್ಷದ ದೊಡ್ಡ ಖರೀದಿ ಆ ತಿಂಗಳುಗಳಲ್ಲೇ, ಸಂತೇಪೇಟೆಯ ಸಗಟು ಅಂಗಡಿಗಳಲ್ಲಿ. ಹುಣಸೆಹಣ್ಣಿನ ಬೀಜ, ನಾರು ತೆಗೆದು, ಬಿಸಿಲಿಗೆ ಹಾಕಿ, ಕಲ್ಲುಪ್ಪು ಬೆರೆಸಿ ಜಾಡಿಗೆ ಒತ್ತಿ ತುಂಬುವುದು ಅತ್ತೆಯ ಕೆಲಸ. ತೊಗರಿಬೇಳೆಗೆ ಹರಳೆಣ್ಣೆ ಸವರಿ ಬಿಸಿಲು ಕಾಣಿಸಿದರೆ ಹುಳು ಹತ್ತುವುದು ತಪ್ಪುತ್ತದೆ. ರಾಗಿಗಂತೂ ಇಷ್ಟು ಉಪಚಾರವೂ ಬೇಡ; ಚೆನ್ನಾಗಿ ಒಣಗಿದ್ದರೆ ವರ್ಷಗಟ್ಟಲೆ ನಿಲ್ಲುತ್ತದೆ. ಹಿಟ್ಟನ್ನು ಮಾತ್ರ ಹದಿನೈದು ದಿನಕ್ಕಾಗುವಷ್ಟೇ ಬೀಸಿಸುತ್ತೇವೆ.

ಒಟ್ಟಿಗೆ ಕೊಳ್ಳಲು ಒಟ್ಟಿಗೆ ದುಡ್ಡು ಬೇಕಲ್ಲ ಎಂದು ಕೇಳುವವರ ಮಾತು ನಿಜ. ಅರ್ಧ ಸಂಬಳದ ಕಾಲದಲ್ಲಿ ನಮ್ಮ ಕೈಯಲ್ಲೂ ಇರಲಿಲ್ಲ. ಆಗ ನಮ್ಮ ಬೀದಿಯ ಮೂರು ಮನೆಯವರು ಸೇರಿ ಒಂದು ಮೂಟೆ ತಂದು, ನಮ್ಮ ಜಗಲಿಯ ಮೇಲೇ ತೂಗಿ ಹಂಚಿಕೊಂಡೆವು. ಪಕ್ಕದ ಮನೆಯವರು ತಕ್ಕಡಿ ತಂದರು, ಎದುರು ಮನೆಯ ಅಜ್ಜಿ ಚೀಲ ಹಿಡಿದರು. ಮೂಟೆಯ ದರ ಚಿಲ್ಲರೆ ಕೊಳ್ಳುವವರಿಗೂ ಸಿಕ್ಕಿತು. ಈ ಪದ್ಧತಿ ಈಗಲೂ ನಡೆದಿದೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಕೆಡದೆ ನಿಲ್ಲುವ ಕಾಳು, ಧಾನ್ಯ, ಹುಣಸೆಹಣ್ಣು, ಮೆಣಸಿನಕಾಯಿಗೆ ಇದು ಸರಿ. ಎಣ್ಣೆ, ಹಿಟ್ಟು, ಮಸಾಲೆ ಪುಡಿ ಅಗ್ಗವಾಯಿತೆಂದು ರಾಶಿ ಹಾಕಿಕೊಂಡರೆ ಕಮಟು ವಾಸನೆ ಬಂದು ಲಾಭವೆಲ್ಲ ತಿಪ್ಪೆಗೆ ಹೋಗುತ್ತದೆ.

ಲೆಕ್ಕ ಬರೆಯುವ ಪುಸ್ತಕ ಬಹಳ ಮನೆಗಳಲ್ಲಿ ಶುರುವಾಗಿ ಬಹಳ ಮನೆಗಳಲ್ಲಿ ನಿಲ್ಲುತ್ತದೆ. ಖರ್ಚಾದ ಮೇಲೆ ರೂಪಾಯಿ ಬರೆದಿಟ್ಟರೆ ಬೇಜಾರು ಬಿಟ್ಟು ಬೇರೇನೂ ಸಿಗುವುದಿಲ್ಲ, ಅದಕ್ಕೇ ನಿಲ್ಲುತ್ತದೆ. ನಮ್ಮ ಪುಸ್ತಕದಲ್ಲಿ ರೂಪಾಯಿಯ ಪಕ್ಕ ತಾರೀಖುಗಳಿವೆ. ಎಣ್ಣೆ ಪ್ಯಾಕೆಟ್ ಒಡೆದ ದಿನ, ಮುಗಿದ ದಿನ. ಸಕ್ಕರೆ ಡಬ್ಬಿ ತುಂಬಿಸಿದ ದಿನ, ತಳ ಕಂಡ ದಿನ. 14.2 ಕಿಲೋದ ಗ್ಯಾಸ್ ಸಿಲಿಂಡರ್ ಹಾಕಿದ ದಿನ. ರೂಪಾಯಿ ಬರೆದರೆ ಬೆಲೆ ತಿಳಿಯುತ್ತದೆ, ತಾರೀಖು ಬರೆದರೆ ಬಳಕೆ ತಿಳಿಯುತ್ತದೆ. ಬೆಲೆ ನಮ್ಮ ಕೈಯಲ್ಲಿಲ್ಲ, ಬಳಕೆ ನಮ್ಮ ಕೈಯಲ್ಲಿದೆ. ಸಿಲಿಂಡರ್ ಬೇಗ ಖಾಲಿಯಾದ ತಿಂಗಳುಗಳನ್ನು ಪುಸ್ತಕದಲ್ಲಿ ನೋಡಿದಾಗ ಕಾಳು ನೆನೆಹಾಕದೆ ಬೇಯಿಸಿದ ದಿನಗಳೇ ಅಲ್ಲಿ ಹೆಚ್ಚಿದ್ದವು. ಈಗ ರಾತ್ರಿ ನೆನೆಹಾಕುವುದು ತಪ್ಪುವುದಿಲ್ಲ. ಕುಕ್ಕರಿನಲ್ಲಿ ಕೆಳಗೆ ಬೇಳೆ, ನಡುವೆ ಅನ್ನ, ಮೇಲೆ ತರಕಾರಿ ಇಟ್ಟು ಒಂದೇ ಉರಿಯಲ್ಲಿ ಮೂರನ್ನೂ ಬೇಯಿಸುತ್ತೇವೆ. ಕುದಿ ಬಂದ ಮೇಲೆ ಉರಿ ಸಣ್ಣದು. ಜೋರು ಉರಿಯಲ್ಲಿ ನೀರು ಆವಿಯಾಗುತ್ತದೆಯೇ ಹೊರತು ಕಾಳು ಬೇಗ ಬೇಯುವುದಿಲ್ಲ.

ಪುಸ್ತಕ ತೋರಿಸಿಕೊಟ್ಟ ಇನ್ನೊಂದು ವಿಷಯ: ತಿಂಗಳ ದಿನಸಿ ಪಟ್ಟಿಯಲ್ಲಿ ಸೋರಿಕೆ ಕಡಿಮೆ. ಸೋರುವುದು ಸಂಜೆ ಆರರ ಹೊತ್ತಿಗೆ. ಹಸಿದ ಮಕ್ಕಳು, ದಣಿದ ದೊಡ್ಡವರು, ಬೇಕರಿಯ ಪಫ್ಸು, ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಮನೆ ಬಾಗಿಲಿಗೆ ಬರುವ ಚಿಪ್ಸು. ಒಂದು ಕಂತೆ ಕೊತ್ತಂಬರಿಗೆಂದು ಆರ್ಡರ್ ಮಾಡಲು ಹೊರಟರೆ ಕನಿಷ್ಠ ಮೊತ್ತ ತುಂಬಿಸಲು ಇನ್ನೆರಡು ಸಾಮಾನು ಸೇರಿಕೊಳ್ಳುತ್ತವೆ. ಇದಕ್ಕೆ ಬುದ್ಧಿವಾದ ಕೆಲಸ ಮಾಡುವುದಿಲ್ಲ, ಸಂಜೆ ಆರಕ್ಕೆ ಸಿದ್ಧವಾಗಿರುವ ತಿಂಡಿ ಕೆಲಸ ಮಾಡುತ್ತದೆ. ಒಗ್ಗರಣೆ ಹಾಕಿದ ಮಂಡಕ್ಕಿ, ಬೇಯಿಸಿದ ಕಡಲೆಕಾಯಿ, ಹುರಿಹಿಟ್ಟಿನ ಉಂಡೆ, ಬೆಳಿಗ್ಗೆಯ ಕಾಳಿನಲ್ಲಿ ಎತ್ತಿಟ್ಟ ಉಸ್ಲಿ, ಇವುಗಳಲ್ಲಿ ಒಂದು ಮನೆಯಲ್ಲಿದ್ದರೆ ಸಾಕು. ಯುಗಾದಿ, ಗೌರಿ ಗಣೇಶ, ದಸರಾ, ಜೂನ್ ತಿಂಗಳ ಶಾಲೆ ಫೀಸು ಪ್ರತಿ ವರ್ಷ ಬರುವಂಥವು. ಅವುಗಳ ಒಟ್ಟು ಖರ್ಚನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗಿಷ್ಟು ಎಂದು ಮೊದಲೇ ತೆಗೆದಿಡುತ್ತೇವೆ. ಸಾಸಿವೆ ಡಬ್ಬಿಯಲ್ಲಿ ದುಡ್ಡು ಕೂಡಿಡುತ್ತಿದ್ದ ಹಿಂದಿನ ಹೆಂಗಸರು ಮಾಡುತ್ತಿದ್ದುದೂ ಇದನ್ನೇ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ನಮ್ಮಲ್ಲಿ ಎಷ್ಟೋ ಮನೆಗಳ ಉಳಿತಾಯ ನಿಂತಿರುವುದು ಅಡುಗೆ ಮಾಡುವವಳ ಹೊಟ್ಟೆಯ ಮೇಲೆ. ಎಲ್ಲರಿಗೂ ಬಡಿಸಿದ ಮೇಲೆ ಪಲ್ಯ ಮುಗಿದಿದ್ದರೆ ಆಕೆ ಉಪ್ಪಿನಕಾಯಿಯಲ್ಲಿ ಉಂಡು ಏಳುತ್ತಾಳೆ. ಒಂದು ಮೊಟ್ಟೆ ಕಡಿಮೆ ಬಿದ್ದರೆ ಅದು ಆಕೆಯದೇ. ಹಳಸಲು ಶುರುವಾದ ಅನ್ನವನ್ನೂ ಚೆಲ್ಲಬಾರದೆಂದು ತಾನೇ ಉಣ್ಣುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು. ಕೊನೆಯಲ್ಲಿ ಉಳಿದಷ್ಟನ್ನು ಉಣ್ಣುವ ಅಭ್ಯಾಸ ಅದನ್ನು ಕಡಿಮೆಯಂತೂ ಮಾಡುವುದಿಲ್ಲ. ಹೀಗೆ ಮಿಕ್ಕ ದುಡ್ಡು ಉಳಿತಾಯವಲ್ಲ. ಅದು ಆಮೇಲೆ ಔಷಧಿ ಅಂಗಡಿಗೆ ಕಟ್ಟಬೇಕಾದ ಸಾಲ.

ಅತ್ತೆ ತಮ್ಮ ಕಾಲದಲ್ಲಿ ಎಲ್ಲರಿಗಿಂತ ಕೊನೆಗೆ ಉಂಡವರು. ನಮ್ಮ ಮನೆಯಲ್ಲಿ ಅದನ್ನು ನಿಲ್ಲಿಸಿದವರೂ ಅವರೇ. "ಬಡ್ಸೋದ್ ಸಾಕು, ನೀನೂ ತಟ್ಟೆ ಹಾಕೊ" ಎಂದು ನನ್ನನ್ನು ಕೂರಿಸಿ, ಪಲ್ಯವನ್ನು ಐದು ತಟ್ಟೆಗೆ ಸಮನಾಗಿ ಹಾಕಿದ ಮೇಲೆ ಉಣ್ಣಲು ಶುರು ಮಾಡಬೇಕೆಂಬುದು ಅವರ ಕಟ್ಟಳೆ. ನಮ್ಮ ಮನೆಯವರು ಭಾನುವಾರ ಬೆಳಿಗ್ಗೆ ಎಂ.ಜಿ. ರಸ್ತೆಯ ಮಾರುಕಟ್ಟೆಗೆ ಹೋಗಿ ವಾರದ ತರಕಾರಿ ತರುತ್ತಾರೆ, ಲೆಕ್ಕದ ಪುಸ್ತಕವನ್ನೂ ಅವರೇ ಬರೆಯುತ್ತಾರೆ. ಸೊಪ್ಪು ಬಿಡಿಸುವುದು ಮಕ್ಕಳ ಪಾಲು. ಮಿತವಾಗಿ ಬದುಕಲು ಹೆಚ್ಚು ಯೋಚನೆ ಬೇಕು, ಹೆಚ್ಚು ಕೈಕೆಲಸ ಬೇಕು. ಆ ಭಾರವೆಲ್ಲ ಒಬ್ಬಳ ಮೇಲೇ ಬಿದ್ದರೆ ಯಾವ ಪದ್ಧತಿಯೂ ಆರು ತಿಂಗಳು ನಿಲ್ಲುವುದಿಲ್ಲ. ಹಂಚಿಕೊಂಡರೆ ನಿಲ್ಲುತ್ತದೆ, ನಮ್ಮಲ್ಲಿ ನಿಂತಿದೆ.

ಮನೆ ಖರ್ಚು ಹಿಡಿತಕ್ಕೆ ಬರಬೇಕೆಂದು ದಾರಿ ಹುಡುಕುತ್ತಿರುವವರು ಊಟ ಕಡಿಮೆ ಮಾಡುವ ಯೋಚನೆಯನ್ನು ಮೊದಲು ಬಿಡಿ. ಈ ರಾತ್ರಿಯೇ ಒಂದು ಪಾವು ಕಾಳು ನೆನೆಹಾಕಿ. ಎಣ್ಣೆ ಪ್ಯಾಕೆಟ್ಟಿನ ಮೇಲೆ ಒಡೆದ ತಾರೀಖು ಬರೆಯಿರಿ. ಅಕ್ಕಪಕ್ಕದ ಒಂದಿಬ್ಬರನ್ನು ಮೂಟೆ ಹಂಚಿಕೊಳ್ಳಲು ಕೇಳಿ ನೋಡಿ. ನಾಳೆ ಬಡಿಸುವಾಗ ಅಡುಗೆ ಮಾಡಿದವರ ತಟ್ಟೆಗೂ ಅಷ್ಟೇ ಪಲ್ಯ ಬಿದ್ದಿದೆಯೇ ಎಂದು ನೋಡಿಕೊಂಡು ಎಲ್ಲರೂ ಒಟ್ಟಿಗೆ ಕೂತು ಉಣ್ಣಿ.