ಬಾವಿಯ ಊರಿನಲ್ಲಿ ಶೌಚಗುಂಡಿ ಹೇಗಿರಬೇಕು?

ಮರವಂತೆಯಲ್ಲಿ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ. ನಡುವಿನ ಹೊಯಿಗೆ ನೆಲದಲ್ಲಿ ಸ್ವಲ್ಪ ತೋಡಿದರೆ ನೀರು. ಕರಾವಳಿಯ ಎಷ್ಟೋ ಹಳ್ಳಿಗಳು ಹೀಗೇ ಇವೆ. ಇಂಥಲ್ಲಿ ಒಳಚರಂಡಿಗಾಗಿ ಕಾಯಬೇಕಿಲ್ಲ, ಸರಿಯಾಗಿ ಕಟ್ಟಿದ ಗುಂಡಿ ಸಾಕು. ಆದರೆ ಬಯಲುಸೀಮೆಯ ಲೆಕ್ಕ ಇಲ್ಲಿ ನಡೆಯದು.

ಮೊದಲು ನೀರಿನ ಮಟ್ಟ ನೋಡಿ. ಗುಂಡಿ ತೋಡುವುದು ಬೇಸಿಗೆಯಲ್ಲಿ, ಆಗ ನೆಲ ಒಣಗಿರುತ್ತದೆ, ಎಡವುವುದು ಅಲ್ಲೇ. ಜುಲೈ–ಆಗಸ್ಟ್‌ನಲ್ಲಿ ಜೋರು ಮಳೆ ಹೊಯ್ದ ಮರುದಿನ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಸಿ, ನೀರು ಎಷ್ಟು ಕೆಳಗಿದೆ ಎಂದು ಅಳೆಯಿರಿ. ಬಾವಿಕಟ್ಟೆಯ ಎತ್ತರ ಕಳೆಯಲು ಮರೆಯಬೇಡಿ. ಗುಂಡಿಯ ತಳ ಆ ಮಟ್ಟಕ್ಕಿಂತ 2 ಮೀಟರ್ ಮೇಲಿದ್ದರೆ ಒಳ್ಳೆಯದು. ತಗ್ಗಿನ ಜಾಗಗಳಲ್ಲಿ ಇದು ಆಗುವ ಮಾತಲ್ಲ. ಅಲ್ಲಿ ಗುಂಡಿಯನ್ನು ನೆಲದಿಂದ ಮೇಲೆತ್ತಿ ಕಟ್ಟಿ, ಸುತ್ತಲೂ ಒಂದೂವರೆ ಮೀಟರ್ ಅಗಲಕ್ಕೆ ಮಣ್ಣು ತುಂಬಿ ದಮ್ಮಸು ಮಾಡಿ. ಶೌಚಾಲಯದ ನೆಲವೂ ಅಷ್ಟೇ ಎತ್ತರವಾಗಬೇಕು. ಮೆಟ್ಟಿಲಿನ ಖರ್ಚು ಬೀಳುತ್ತದೆ, ಬೀಳಲಿ.

ಒಂದರ ಬದಲು ಎರಡು ಗುಂಡಿ ಇರಲಿ. ಐದು ಜನರ ಮನೆಗೆ ಸುಮಾರು 1 ಮೀಟರ್ ಅಗಲದವು ಸಾಕು; ನಡುವೆಯೂ ಅಷ್ಟೇ ಅಂತರ ಬಿಡಿ. ಒಂದು ತುಂಬಲು ಮೂರು ವರ್ಷದಷ್ಟು ಹಿಡಿಯುತ್ತದೆ. ಆಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸಿ. ಮುಚ್ಚಿದ್ದು ಎರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರ, ತೆಂಗಿನ ಬುಡಕ್ಕೆ ಹಾಕಬಹುದು. ಬಚ್ಚಲಿನ ನೀರನ್ನು ಮಾತ್ರ ಗುಂಡಿಗೆ ಬಿಡಬೇಡಿ, ಬಾಳೆಗೆ ಹೋಗಲಿ.

ದಪ್ಪ ಹೊಯಿಗೆಯಲ್ಲೂ ಮುರಕಲ್ಲಿನ ಬಿರುಕಿನಲ್ಲೂ ರೋಗಾಣುಗಳು ಸಲೀಸಾಗಿ ಹರಿದುಹೋಗುತ್ತವೆ. ಅಂಥ ನೆಲವಾದರೆ ಗುಂಡಿಯ ತಳಕ್ಕೆ ಜೇಡಿಮಣ್ಣು ಮೆತ್ತಿ ಅಥವಾ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಅರ್ಧ ಮೀಟರ್ ಸಣ್ಣ ಮರಳು ತುಂಬಿ. ಬಾವಿಯಿಂದ ಕನಿಷ್ಠ 10 ಮೀಟರ್ ದೂರವಿರಲಿ. ಅಳೆಯುವಾಗ ಬೇಲಿಯಾಚೆಗಿನ ಬಾವಿಯನ್ನೂ ಲೆಕ್ಕಕ್ಕೆ ಹಿಡಿಯಿರಿ; ಆ ನೀರು ಕುಡಿಯುವವರೂ ನಮ್ಮವರೇ.

ಸೆಪ್ಟಿಕ್ ಟ್ಯಾಂಕ್ ಇರುವವರಿಗೆ ಒಂದು ಮಾತು. ಅದರಿಂದ ಹೊರಬರುವ ನೀರು ತಿಳಿಯಾಗಿ ಕಂಡರೂ ಶುದ್ಧವಲ್ಲ. ಅದನ್ನು ಇಂಗುಗುಂಡಿಗೆ ಬಿಡಬೇಕೇ ಹೊರತು ತೋಡಿಗಲ್ಲ. ತೋಡು ಸೇರುವುದು ಅಳಿವೆಗೆ. ಅಲ್ಲಿ ನೀರು ಸೋಸಿ ಬದುಕುವ ಮರುವಾಯಿ ರೋಗಾಣುಗಳನ್ನೂ ಒಡಲಲ್ಲಿ ಉಳಿಸಿಕೊಳ್ಳುತ್ತದೆ, ಕೊನೆಗೆ ಅದು ನಮ್ಮದೇ ಬಟ್ಟಲಿಗೆ ಬರುತ್ತದೆ. ಎರಡು–ಮೂರು ವರ್ಷಕ್ಕೊಮ್ಮೆ ಯಂತ್ರದಿಂದ ಹೂಳು ತೆಗೆಸಿ. ಮನುಷ್ಯರನ್ನು ಎಂಥ ಸಂದರ್ಭದಲ್ಲೂ ಇಳಿಸಬೇಡಿ: ಒಳಗಿನ ವಿಷಾನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ, ರಕ್ಷಣಾ ಸಾಧನಗಳಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಅಪರಾಧವೂ ಹೌದು. ಹೂಳು ಎಲ್ಲಿ ಸುರಿಯುತ್ತೀರಿ ಎಂದು ಲಾರಿಯವರನ್ನು ಕೇಳಿ. ದಕ್ಷಿಣ ಕನ್ನಡದ ಉಜಿರೆಯಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕವಿದೆ. ಹಳ್ಳಿಗೂ ಇದು ಸಾಧ್ಯ.

ಮಳೆಗಾಲದಲ್ಲಿ ಬಾವಿ ನೀರು ಪರೀಕ್ಷಿಸಲು ಪಂಚಾಯಿತಿಯಲ್ಲಿ ಪುಟ್ಟ ಬಾಟಲಿ ಕೇಳಿ. ಗುರುತಿನವರೆಗೆ ನೀರು ತುಂಬಿಸಿ ಇಡಿ. ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕು ತಗಲಿರುವ ಸಾಧ್ಯತೆ ಹೆಚ್ಚು. ಕುದಿಸದೆ ಕುಡಿಯಬೇಡಿ, ಬಾವಿಗೆ ಕ್ಲೋರಿನ್ ಹಾಕಿಸಿ, ನಿಮ್ಮ ಗುಂಡಿಯನ್ನೂ ಪಕ್ಕದ್ದನ್ನೂ ಪರಿಶೀಲಿಸಿ. ಬರುವ ಗ್ರಾಮಸಭೆಯಲ್ಲಿ ಹೂಳಿನ ಲಾರಿ ಮತ್ತು ಸಂಸ್ಕರಣಾ ಘಟಕದ ವಿಷಯವನ್ನು ದಯವಿಟ್ಟು ಎತ್ತಿ.