ರೂಮು ಹಂಚಿಕೊಂಡರೆ ಸಾಲದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯಿಂದ ಪಿಯುಸಿಯೋ ಡಿಗ್ರಿಯೋ ಮುಗಿಸಿ ಊರು ಬಿಡಲು ನಿಂತಿರುವ ಮಕ್ಕಳೇ, ಇದು ನಿಮಗಾಗಿ. ಕೆಲವರು ತುಮಕೂರಿಗೆ ಓದಲು ಹೋಗುತ್ತೀರಿ, ಕೆಲವರು ವಸಂತನರಸಾಪುರದ ಕಾರ್ಖಾನೆಗಳಿಗೆ ಹೋಗುತ್ತೀರಿ, ಬಹಳ ಮಂದಿ ಬೆಂಗಳೂರಿನ ಬಸ್ಸು ಹತ್ತುತ್ತೀರಿ. ಎಲ್ಲಿಗೆ ಹೋದರೂ ಮೊದಲ ಕೆಲವು ವರ್ಷ ಗುರುತಿಲ್ಲದವರ ಜೊತೆ ಒಂದೇ ಸೂರಿನಡಿ ಇರಬೇಕಾಗುತ್ತದೆ. ಅದು ಪಿ.ಜಿ. ಆಗಿರಬಹುದು, ನಾಲ್ವರು ಸೇರಿ ಹಿಡಿದ ರೂಮಾಗಿರಬಹುದು, ಈಗ ಕಂಪನಿಗಳು ನಡೆಸುವ ಕೋ-ಲಿವಿಂಗ್ ಕಟ್ಟಡವೂ ಆಗಿರಬಹುದು. ಹಾಸ್ಟೆಲ್ ಮೇಲ್ವಿಚಾರಕನಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಒಟ್ಟಿಗಿರುವುದು ಹೇಗೆ ಕೆಡುತ್ತದೆ, ಹೇಗೆ ಉಳಿಯುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

ಹೀಗೆ ಹೊರಗೆ ಹೋಗಿ ಓದುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ನಿಮ್ಮ ಮುತ್ತಜ್ಜನ ಕಾಲದಲ್ಲಿ ಓದಲು ಪೇಟೆಗೆ ಹೋದ ಬಡಹುಡುಗರು ವಾರಾನ್ನ ಉಂಡರು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ನಮ್ಮದೇ ತುಮಕೂರು ಜಿಲ್ಲೆಯ ಗುಬ್ಬಿಯ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಛತ್ರ ಕಟ್ಟಿಸಿ, ವಿದ್ಯಾರ್ಥಿಗಳಿಗೂ ನೆರಳು ಕೊಟ್ಟರು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಒಟ್ಟಿಗೇ ಕೊಟ್ಟರು. ದೇವರಾಜ ಅರಸು ಅವರ ಕಾಲದಿಂದ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳು ಹೋಬಳಿಗಳವರೆಗೂ ಬಂದವು. ಆಗೆಲ್ಲ ಗಂಟೆ ಹೊಡೆಯಲು, ಗದರಲು, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯಲು ದೊಡ್ಡವರೊಬ್ಬರು ಇದ್ದೇ ಇರುತ್ತಿದ್ದರು. ನೀವು ಹೋಗುತ್ತಿರುವ ಕಡೆ ಅಂಥವರು ಇರುವುದಿಲ್ಲ ಕಣ್ರಪ್ಪ. ಆ ಕೆಲಸವನ್ನೆಲ್ಲ ಒಬ್ಬರಿಗೊಬ್ಬರು ನೀವೇ ಮಾಡಿಕೊಳ್ಳಬೇಕು.

ಮೊದಲು ದುಡ್ಡಿನ ಮಾತು. ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕದೆ ಪಿ.ಜಿ. ಹುಡುಕಬೇಡಿ. ಸೀಟು ಸಿಗದ ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆಂದು ಹತ್ತು ತಿಂಗಳು ನೆರವು ಸಿಗುತ್ತದೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಕೊನೇ ದಿನ ಓಡುವ ಮಕ್ಕಳನ್ನು ನೋಡಿ ಸಾಕಾಗಿದೆ. ಅದನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಪಿ.ಜಿ.ಯೇ ಆಗಬೇಕೆಂದಿದ್ದರೆ ಮೊಬೈಲ್‌ನಲ್ಲಿ ಫೋಟೋ ನೋಡಿ ಅಡ್ವಾನ್ಸ್ ಕಳಿಸಬೇಡಿ. ಖುದ್ದಾಗಿ ಹೋಗಿ, ಅದೂ ಬೆಳಿಗ್ಗೆ ಏಳು ಗಂಟೆಗೆ. ಸ್ನಾನಕ್ಕೆ ಸಾಲು ಎಷ್ಟುದ್ದ ಇದೆ, ನಲ್ಲಿಯಲ್ಲಿ ನೀರು ಹೇಗೆ ಬರುತ್ತದೆ, ಅಡುಗೆಮನೆಯ ನೆಲ ಹೇಗಿದೆ ಎಂಬುದೆಲ್ಲ ಆ ಹೊತ್ತಿನಲ್ಲಿ ತಿಳಿಯುತ್ತದೆ. ಎರಡನೇ ಮೆಟ್ಟಿಲು ಇದೆಯಾ, ಬೆಂಕಿ ಬಿದ್ದರೆ ಯಾವ ಕಡೆ ಇಳಿಯಬೇಕು ಎಂದು ಮಾಲೀಕರನ್ನು ಕೇಳಿ. ಕೇಳಲು ಸಂಕೋಚ ಬೇಡ. 2024ರ ಜುಲೈನಲ್ಲಿ ಬೆಂಗಳೂರಿನ ಕೋರಮಂಗಲದ ಪಿ.ಜಿ.ಯೊಂದಕ್ಕೆ ಒಬ್ಬ ನುಗ್ಗಿ ಯುವತಿಯನ್ನು ಕೊಂದ ಮೇಲೆ, ಅಲ್ಲಿನ ಆಗಿನ ಪಾಲಿಕೆ ಬಿಬಿಎಂಪಿ ಪಿ.ಜಿ.ಗಳಿಗೆ ನಿಯಮಗಳನ್ನು ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಹಗಲೂ ರಾತ್ರಿ ಕಾವಲುಗಾರ, ಅಡುಗೆಗೆ ಆಹಾರ ಸುರಕ್ಷತಾ ಪರವಾನಗಿ ಇವೆಲ್ಲ ಅದರಲ್ಲಿವೆ. ಪಾವಗಡದ ಮಕ್ಕಳಿಗೆ ನೀರಿನ ಬೆಲೆ ನಾನು ಹೇಳಬೇಕಾಗಿಲ್ಲ. ಫ್ಲೋರೈಡ್ ನೀರು ಕುಡಿದು ಮೂಳೆ ಕೆಡಿಸಿಕೊಂಡ ಹಿರಿಯರನ್ನು ನೋಡಿ ಬೆಳೆದವರು ನೀವು. ಬೆಂಗಳೂರಿನಲ್ಲೂ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿಯೇ ಬಾಡಿಗೆ ಮಾತಾಡಿ.

ಕೋ-ಲಿವಿಂಗ್ ಕಂಪನಿಯ ಕರಾರುಪತ್ರ ಉದ್ದವಿರುತ್ತದೆ, ಆದರೂ ಓದಿ. ಇಷ್ಟು ತಿಂಗಳಿಗೆ ಮೊದಲು ಖಾಲಿ ಮಾಡಿದರೆ ಡಿಪಾಸಿಟ್ ಹೋಯಿತು ಎಂಬ ಲಾಕ್-ಇನ್ ಷರತ್ತು ಒಳಗೆಲ್ಲೋ ಇರುತ್ತದೆ. ಕೆಲಸ ಹೋದರೆ, ಕಾಲೇಜು ಬದಲಾದರೆ ಗತಿಯೇನು ಎಂದು ಸಹಿ ಹಾಕುವ ಮುಂಚೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಇನ್ನೊಂದು ವಿಷಯ. 2024ರ ಜುಲೈನಿಂದ, ಸತತ 90 ದಿನಕ್ಕೆ ಕಡಿಮೆಯಿಲ್ಲದಂತೆ ಇರುವವರ ವಸತಿಗೆ ತಿಂಗಳಿಗೆ 20,000 ರೂಪಾಯಿವರೆಗೆ ಜಿಎಸ್‌ಟಿ ವಿನಾಯಿತಿ ಇದೆ. ಬಿಲ್ಲಿನಲ್ಲಿ ಸೇರಿಸಿದ್ದರೆ ಯಾಕೆ ಎಂದು ಕೇಳಿ.

ಇಷ್ಟು ನೋಡಿಕೊಂಡರೆ ಒಳ್ಳೆಯ ಕೋಣೆ ಸಿಗುತ್ತದೆ. ಒಳ್ಳೆಯ ಜೊತೆ ಸಿಗಬೇಕಾದರೆ ಇನ್ನೂ ಒಂದು ಬೇಕು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ.

ತುಮಕೂರಿನ ಒಂದು ಬಾಡಿಗೆ ರೂಮಿಗೆ ಹೋಗಿದ್ದೆ. ಕೊರಟಗೆರೆ ಕಡೆಯ ಇಬ್ಬರು, ಶಿರಾದವನೊಬ್ಬ, ರಾಯಚೂರಿನವನೊಬ್ಬ, ನಾಲ್ವರೂ ಕಾರ್ಖಾನೆಯ ಹುಡುಗರು. ಗ್ಯಾಸ್ ಒಲೆಯ ಪಕ್ಕದ ಮೊಳೆಗೆ ದಾರ ಕಟ್ಟಿ ಒಂದು ನೋಟ್‌ಬುಕ್ ತೂಗುಹಾಕಿದ್ದರು. ಎಣ್ಣೆಯ ಕೈ ತಾಗಿ ಅದರ ಅಂಚು ಕಂದಿತ್ತು. ಎಡಗಡೆ ಪುಟದಲ್ಲಿ ಹಾಲು, ಅಕ್ಕಿ, ರಾಗಿಹಿಟ್ಟು, ಸಿಲಿಂಡರ್, ಯಾರು ತಂದರು, ಎಷ್ಟಾಯಿತು. ಬಲಗಡೆ ಪುಟದಲ್ಲಿ ಪಾತ್ರೆ, ಕಸ, ಕಕ್ಕಸು ತೊಳೆಯುವ ಸರದಿ. ರಾತ್ರಿ ಪಾಳಿಯವನಿಗೆ ಬೆಳಗಿನ ಕೆಲಸ ಹಾಕಿರಲಿಲ್ಲ. ಮುದ್ದೆ ತಿರುವಲು ಬಾರದ ರಾಯಚೂರಿನವನು ಅದರ ಬದಲು ವಾರಕ್ಕೆರಡು ಸಲ ಜೋಳದ ರೊಟ್ಟಿ ತಟ್ಟುತ್ತಿದ್ದ. ಜಗಳವೇ ಆಗಲ್ವೇನ್ರೋ ಎಂದು ಕೇಳಿದೆ. "ಆಗ್ತದೆ ಸಾರ್, ಆದ್ರೆ ಬುಕ್ ತೆಗೆದ್ರೆ ಮುಗೀತದೆ" ಅಂದರು. ಸ್ನೇಹಿತರ ನಡುವೆ ಲೆಕ್ಕ ಬರೆಯುವುದು ಸಣ್ಣತನ ಎಂದು ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಅದು ತಪ್ಪು. ಬರೆಯದೆ ಬಿಟ್ಟ ಇಪ್ಪತ್ತು ರೂಪಾಯಿ, ತೊಳೆಯದೆ ಬಿಟ್ಟ ಒಂದು ಬಾಣಲೆ ಮನಸ್ಸಿನಲ್ಲಿ ಕೂತು ಮುರಿದ ಗೆಳೆತನಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಕೆಲಸ ಹಂಚಿಕೊಂಡು ಬಾಳುವುದು ನಮ್ಮಲ್ಲಷ್ಟೇ ಇರುವುದಲ್ಲ. ಡೆನ್ಮಾರ್ಕ್‌ನಲ್ಲಿ 1972ರಲ್ಲಿ ಕೆಲವು ಕುಟುಂಬಗಳು ಸೇರಿ ಸೆಟ್ಟೆಡಾಮೆನ್ ಎಂಬಲ್ಲಿ ಹೊಂದಿಕೊಂಡಂತೆ ಮನೆಗಳನ್ನೂ ಎಲ್ಲರಿಗೂ ಸೇರಿದ ಒಂದು ಮನೆಯನ್ನೂ ಕಟ್ಟಿಕೊಂಡವು. ಕೂಡಿ ಬಾಳುವ ಈ ಪದ್ಧತಿ ಅಲ್ಲಿಂದ ಮುಂದೆ ಹಲವು ದೇಶಗಳಿಗೆ ಹೋಯಿತು. ಅಂಥ ಕಡೆ ಎಲ್ಲರಿಗೂ ಅಡುಗೆ ಮಾಡುವುದು ಸರದಿಯ ಕೆಲಸ. ನಮ್ಮ ನಗರಗಳ ಕೋ-ಲಿವಿಂಗ್‌ನಲ್ಲಿ ಅಡುಗೆ, ಕಸ, ಬಟ್ಟೆ ಎಲ್ಲವನ್ನೂ ಕಂಪನಿಯೇ ಮಾಡಿಸುತ್ತದೆ, ವೈಫೈಯನ್ನೂ ಕೊಡುತ್ತದೆ. ಸೌಕರ್ಯ ಬೇಡವೆನ್ನುವುದಿಲ್ಲ, ದಣಿದು ಬಂದವರಿಗೆ ಅದು ಬೇಕು. ಆದರೆ ಒಬ್ಬರಿಗಾಗಿ ಒಬ್ಬರು ಏನೂ ಮಾಡದೆ ವರ್ಷಗಟ್ಟಲೆ ಒಂದೇ ಮಹಡಿಯಲ್ಲಿ ಇದ್ದರೂ ನೀವು ಅಪರಿಚಿತರೇ. ಅಂಥಲ್ಲಿದ್ದರೆ ಭಾನುವಾರದ ಒಂದು ಊಟವನ್ನಾದರೂ ನೀವೇ ಕೂಡಿ ಮಾಡಿ. ಪಕ್ಕದ ಹಾಸಿಗೆಯವರ ಮನೆಯ ಫೋನ್ ನಂಬರ್, ರಕ್ತದ ಗುಂಪು ಬರೆದಿಟ್ಟುಕೊಳ್ಳಿ, ನಿಮ್ಮದನ್ನು ಅವರಿಗೆ ಕೊಡಿ. ಎರಡು ದಿನ ಯಾರಾದರೂ ಕೋಣೆಯಿಂದ ಹೊರಗೆ ಬಾರದಿದ್ದರೆ ಬಾಗಿಲು ತಟ್ಟಿ. ಹುಷಾರಿಲ್ಲದಾಗ ಮಾತ್ರವಲ್ಲ, ಪರೀಕ್ಷೆಯಲ್ಲಿ ಫೇಲಾದಾಗ, ಕೆಲಸ ಕಳೆದುಕೊಂಡಾಗಲೂ ಮಕ್ಕಳು ಹೀಗೇ ಬಾಗಿಲು ಹಾಕಿಕೊಳ್ಳುತ್ತಾರೆ.

ಜಾತಿಯ ಮಾತು ಹೇಳದೆ ಮುಗಿಸಲಾರೆ. ವಿದೇಶದಲ್ಲಿ ಓದಿ ಬಂದ ಅಂಬೇಡ್ಕರ್ ಅವರಿಗೆ 1917ರಲ್ಲಿ ಬರೋಡಾದಲ್ಲಿ ತಂಗಲು ಒಂದು ಕೋಣೆ ಸುಲಭವಾಗಿ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದ ಪಾರ್ಸಿ ವಸತಿಗೃಹದಿಂದಲೂ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಇವತ್ತಿಗೂ ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಬಾಡಿಗೆ ಮನೆ ಕೇಳಲು ಹೋದರೆ "ಯಾವ ಜನ?" ಎಂದು ಕೇಳುವವರಿದ್ದಾರೆ. ಪಿ.ಜಿ.ಯ ಅನ್ನ ಸಾಂಬಾರು ಎಷ್ಟೇ ಸಪ್ಪೆಯಾಗಿರಲಿ, ಅಲ್ಲಿ ಪಕ್ಕದಲ್ಲಿ ಕೂತವರ ಜಾತಿ ತಿಳಿಯದೆ ಉಣ್ಣುತ್ತೀರಲ್ಲ, ಅದು ನಿಮ್ಮ ಅಜ್ಜಂದಿರಿಗೆ ಸಿಗದ ಭಾಗ್ಯ. ಅದನ್ನು ಕಾಪಾಡಿಕೊಳ್ಳಿ. ಮನೆ ಹಿಡಿಯುವಾಗ ನಮ್ಮವರೇ ಇರಲಿ ಎಂದು ಹುಡುಕಬೇಡಿ. ಪಾವಗಡದ ಹುಡುಗಿ ಮನೆಗೆ ಫೋನ್ ಮಾಡಿ ತೆಲುಗಿನಲ್ಲಿ ಮಾತಾಡಿದರೆ ನಗಬೇಡಿ, ಅವಳೂ ನಿಮ್ಮಷ್ಟೇ ಕನ್ನಡದವಳು.

ತಂದೆತಾಯಂದಿರೇ, ಮಕ್ಕಳನ್ನು ಬಿಟ್ಟು ಬರುವ ದಿನ ಮಾಲೀಕರನ್ನಷ್ಟೇ ಅಲ್ಲ, ಅದೇ ಕೋಣೆಯ ಉಳಿದ ಮಕ್ಕಳನ್ನೂ ಮಾತಾಡಿಸಿ ಬನ್ನಿ. ಬೆಂಗಳೂರಿನಲ್ಲಿ ಈಗಾಗಲೇ ನೆಲೆ ಕಂಡುಕೊಂಡಿರುವ ನಮ್ಮ ನಾಲ್ಕು ತಾಲ್ಲೂಕಿನ ಹುಡುಗ ಹುಡುಗಿಯರೇ, ಈ ವರ್ಷ ನಿಮ್ಮೂರಿನಿಂದ ಬರುವ ಒಬ್ಬರಿಗಾದರೂ ನೀವಿರುವ ಕಡೆ ನೀರು ಹೇಗಿದೆ, ಊಟ ಹೇಗಿದೆ, ಡಿಪಾಸಿಟ್ ವಾಪಸ್ ಕೊಡುತ್ತಾರೋ ಇಲ್ಲವೋ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಅವರು ಬಂದಿಳಿಯುವ ದಿನ ಮೆಜೆಸ್ಟಿಕ್‌ಗೆ ಹೋಗಿ ಕರೆದುಕೊಂಡು ಬನ್ನಿ.