ಬಾಡಿಗೆಗೆಂದು ಮನೆ ಕೊಳ್ಳುವ ಮುನ್ನ: ಕ್ರಯದ ಹಣದಾಚೆಯ ಖರ್ಚುಗಳು



ಸಂಘದ ಸಭೆಯಲ್ಲಿ ಮೇವು, ಕೆಚ್ಚಲು ಬಾವು, ವಿಮೆ ಎಲ್ಲ ಮಾತಾಡಿ ಮುಗಿಸಿ ಎದ್ದಾಗ, ಬಾಗಿಲ ಹತ್ತಿರ ಯಾರಾದರೂ ಒಬ್ಬ ಅಕ್ಕ ನಿಲ್ಲಿಸಿ ಕೇಳುತ್ತಾರೆ: "ಸಾರ್, ನಗರದಲ್ಲೊಂದು ಮನ ಮಾರಾಟಕ್ಕದ, ತಕ್ಕಂಡು ಬಾಡ್ಗೆಗೆ ಬುಟ್ರ ಹೆಂಗ?" ಈ ಪ್ರಶ್ನೆ ಈಚೆಗೆ ಹೆಚ್ಚಾಗಿದೆ. ಕಾರಣವೂ ಇದೆ. 1997ರಲ್ಲಿ ಜಿಲ್ಲೆಯಾದ ಮೇಲೆ ಚಾಮರಾಜನಗರಕ್ಕೆ ಕಚೇರಿಗಳು ಬಂದವು, 2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ನೌಕರರಿಗೆ, ವಿದ್ಯಾರ್ಥಿಗಳಿಗೆ ಬಾಡಿಗೆ ಮನೆ ಬೇಕು. ಗುಂಡ್ಲುಪೇಟೆ ಊಟಿ ರಸ್ತೆಯ ಮೇಲಿರುವ ಊರು. ಹಾಲಿನ ಬಟವಾಡೆಯಲ್ಲಿ ಉಳಿಸಿದ್ದು, ಚೀಟಿ ಎತ್ತಿದ್ದು, ಒಡವೆ ಅಡವಿಟ್ಟದ್ದು ಸೇರಿಸಿ ಒಂದು ಮನೆ ಮಾಡಿಕೊಳ್ಳುವ ಆಸೆ ತಪ್ಪಲ್ಲ. ಆದರೆ ಹಸು ಕೊಳ್ಳುವಾಗ ಹಲ್ಲು, ಕೆಚ್ಚಲು, ಸುಳಿ ನೋಡುವ ನೀವು, ಮನೆ ಕೊಳ್ಳುವಾಗ ಗೋಡೆಯ ಬಣ್ಣ ನೋಡಿ ಮುಂಗಡ ಕೊಟ್ಟುಬಿಡಬಾರದು.

ಮೊದಲು ಲೆಕ್ಕ. ಗುಂಡ್ಲುಪೇಟೆ ಪುರಸಭೆ ವ್ಯಾಪ್ತಿಯಲ್ಲಿ 12 ಲಕ್ಷ ರೂಪಾಯಿಗೆ ಒಂದು ಚಿಕ್ಕ ಮನೆ ಮಾತಾಯಿತೆಂದು ಇಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ಹಿಡಿದ ಮೊತ್ತ, ಪೇಟೆ ಧಾರಣೆಯಲ್ಲ. ಮುದ್ರಾಂಕ ಶುಲ್ಕ ಶೇ 5, ಅಂದರೆ 60,000 ರೂ. ಆ ಅರವತ್ತು ಸಾವಿರದ ಮೇಲೆ ಶೇ 10 ಸೆಸ್, 6,000 ರೂ. ಅದೇ ಅರವತ್ತು ಸಾವಿರದ ಮೇಲೆ ಶೇ 2 ಸರ್‌ಚಾರ್ಜ್, 1,200 ರೂ. (ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇದು ಶೇ 3). ನೋಂದಣಿ ಶುಲ್ಕ ಮೊದಲು ಶೇ 1 ಇತ್ತು. 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, 24,000 ರೂ. ಒಟ್ಟು 91,200 ರೂ. ಹಳೆಯ ನೋಂದಣಿ ಶುಲ್ಕವನ್ನೇ ನೆನಪಿಟ್ಟುಕೊಂಡವರು ಹೇಳುವ ಖರ್ಚನ್ನು ನಂಬಿ ಹೋದರೆ ನೋಂದಣಿಯ ದಿನ 12,000 ರೂ. ಕಡಿಮೆ ಬೀಳುತ್ತದೆ. ಕೆಲವು ರಾಜ್ಯಗಳಲ್ಲಿ ಹೆಂಗಸರ ಹೆಸರಿಗೆ ಮುದ್ರಾಂಕ ಶುಲ್ಕ ಕಡಿಮೆಯಿದೆ. ನಮ್ಮಲ್ಲಿ ಆ ರಿಯಾಯಿತಿ ಇಲ್ಲ.

ಈ ಶುಲ್ಕವನ್ನು ಸರ್ಕಾರದ ಮಾರ್ಗಸೂಚಿ ಬೆಲೆ, ನೀವು ಕೊಡುವ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಹಾಕುತ್ತಾರೆ. "ಪತ್ರದಲ್ಲಿ ಎಂಟೇ ಲಕ್ಷ ತೋರಿಸೋಣ, ಉಳಿದದ್ದು ಕೈಗೆ ಕೊಡಿ" ಎನ್ನುವವರು ಸಿಕ್ಕೇ ಸಿಗುತ್ತಾರೆ. ಉಳಿಯುವುದು 30,400 ರೂ. ಮುಂದೆ ಆ ಮನೆಯನ್ನು 15 ಲಕ್ಷಕ್ಕೆ ಮಾರಿದರೆ ನಿಮ್ಮ ಲಾಭ ಮೂರು ಲಕ್ಷ ಅಲ್ಲ, ಕಾಗದದ ಮೇಲೆ ಏಳು ಲಕ್ಷ. ಎರಡು ವರ್ಷ ಕಳೆದು ಮಾರಿದ ಆಸ್ತಿಯ ಲಾಭಕ್ಕೆ ಶೇ 12.5 ತೆರಿಗೆ. ತೆರಿಗೆ ಬೀಳುವ ಹಾಗಿದ್ದರೆ ಆ ಸುಳ್ಳು ನಾಲ್ಕು ಲಕ್ಷಕ್ಕೆ 50,000 ರೂ.ವರೆಗೆ ಹೋಗುತ್ತದೆ. ಅಷ್ಟೇ ಅಲ್ಲ, ವ್ಯಾಪಾರ ಮುರಿದುಬಿದ್ದರೆ ಕೈಗೆ ಕೊಟ್ಟ ನಾಲ್ಕು ಲಕ್ಷಕ್ಕೆ ಸಾಕ್ಷಿಯೇ ಇರುವುದಿಲ್ಲ. ಆಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದಕ್ಕೆ ಕಾನೂನಿನ ನಿಷೇಧವೂ ಇದೆ. ಮುಂಗಡವೂ ಸೇರಿ ಪೂರ್ತಿ ಹಣ ಬ್ಯಾಂಕಿನ ಮೂಲಕವೇ ಹೋಗಲಿ.

ವಕೀಲರ ಶುಲ್ಕ, ಪತ್ರ ಬರಹಗಾರರದ್ದು, ದಲ್ಲಾಳಿ ಕಮಿಷನ್, ಖಾತೆ ಬದಲಾವಣೆ, ಚೆಸ್ಕಾಂನಲ್ಲಿ ಮೀಟರಿನ ಹೆಸರು ಬದಲು, ಸುಣ್ಣ ಬಣ್ಣ, ನಲ್ಲಿ, ವೈರಿಂಗು. ಇವಕ್ಕೆಲ್ಲ 58,800 ರೂ. ಹಿಡಿದರೆ ಮನೆ ನಿಮ್ಮ ಕೈಗೆ ಬರುವಷ್ಟರಲ್ಲಿ 13,50,000 ರೂ. ಆಗಿರುತ್ತದೆ.

ಇನ್ನು ಆದಾಯ. ತಿಂಗಳಿಗೆ 5,000 ರೂ. ಬಾಡಿಗೆ ಎಂದರೆ ವರ್ಷಕ್ಕೆ 60,000 ಎಂದು ಬರೆದುಕೊಳ್ಳಬೇಡಿ. ಹಸುವಿಗೆ ಕರು ಹಾಕುವ ಮುಂಚೆ ಎರಡು ತಿಂಗಳು ಹಾಲು ಬತ್ತಿಸುವುದಿಲ್ಲವೇ? ಮನೆಯೂ ಬತ್ತುತ್ತದೆ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಖಾಲಿ ಹಿಡಿಯಿರಿ, 55,000 ಉಳಿಯಿತು. ಮನೆ ಕಂದಾಯ, ರಿಪೇರಿಗೆ 10,000 ಹೋದರೆ 45,000. (ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ.) ಹದಿಮೂರೂವರೆ ಲಕ್ಷ ಹಾಕಿ ವರ್ಷಕ್ಕೆ 45,000 ಅಂದರೆ ನೂರಕ್ಕೆ ಮೂರು ರೂಪಾಯಿ ಮೂವತ್ತು ಪೈಸೆ ಚಿಲ್ಲರೆ. ಬ್ಯಾಂಕಿನ ಠೇವಣಿ ಬಡ್ಡಿಯೇ ಇದಕ್ಕಿಂತ ಹೆಚ್ಚು. ಹಾಗಾದರೆ ಜನ ಯಾಕೆ ಕೊಳ್ಳುತ್ತಾರೆ? ಜಾಗದ ಬೆಲೆ ಏರುತ್ತದೆಂಬ ನಂಬಿಕೆಯಿಂದ. ಏರಲೂಬಹುದು. ಆದರೆ ಕಟ್ಟಡ ಹಳೆಯದಾಗುತ್ತದೆ, ಏರುವುದು ನೆಲ ಮಾತ್ರ. ಹಾಗಾಗಿ ನೆಲ ಎಲ್ಲಿದೆ, ಎಷ್ಟಿದೆ ಎಂಬುದನ್ನೇ ಮೊದಲು ನೋಡಿ.

ಸಾಲ ಮಾಡುವವರು ಇನ್ನೊಂದು ಲೆಕ್ಕ ಹಾಕಬೇಕು. ಆರು ಲಕ್ಷ ಸಾಲ, ಶೇ 9 ಬಡ್ಡಿ, ಹತ್ತು ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 7,600 ರೂ. ಬಾಡಿಗೆ 5,000. ಮಿಕ್ಕ 2,600 ನಿಮ್ಮ ಹಾಲಿನ ಬಟವಾಡೆಯಿಂದಲೇ ಹೋಗಬೇಕು, ಮನೆ ಖಾಲಿಯಿದ್ದ ತಿಂಗಳು ಪೂರ್ತಿ 7,600. ಬೇಸಿಗೆಯಲ್ಲಿ ಮೇವಿಲ್ಲದೆ ಹಾಲು ಇಳಿದಾಗ, ಒಂದು ಹಸುವಿಗೆ ಕಾಯಿಲೆ ಬಂದಾಗ ಈ ಕಂತು ಕಟ್ಟಬಲ್ಲಿರಾ? ಕಂತಿಗಾಗಿ ಕರೆಯುವ ಹಸುವನ್ನೇ ಮಾರುವ ಸ್ಥಿತಿ ಬರುವ ಹಾಗಿದ್ದರೆ ಈ ಮನೆ ಬೇಡ ಎಂದು ನಾನು ನೇರವಾಗಿ ಹೇಳುತ್ತೇನೆ.

ಬಾಡಿಗೆಯ ಬದಲು ಭೋಗ್ಯಕ್ಕೆ ಕೊಟ್ಟರೆ ಒಮ್ಮೆಲೇ ಎರಡು ಮೂರು ಲಕ್ಷ ಸಿಗುತ್ತದೆ, ನಿಜ. ಅದು ಆದಾಯವಲ್ಲ, ಸಾಲ. ಅವಧಿ ಮುಗಿದ ದಿನ ಪೂರ್ತಿ ಹಿಂದಿರುಗಿಸಬೇಕು. ನೀವು ಕೊಳ್ಳುವ ಮನೆಯಲ್ಲಿ ಈಗಾಗಲೇ ಭೋಗ್ಯದವರು ಇದ್ದರೆ ಅವರ ಹಣ ಯಾರು ಕೊಡಬೇಕೆಂಬುದು ಕ್ರಯಕ್ಕೆ ಮೊದಲೇ ಬರಹದಲ್ಲಿ ತೀರ್ಮಾನವಾಗಲಿ.

ಈಗ ಕಾಗದ ಪತ್ರ. ಇಲ್ಲಿ ಎಡವಿದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ನಗರಸಭೆ, ಪುರಸಭೆ ವ್ಯಾಪ್ತಿಯಲ್ಲಾದರೆ ಇ-ಖಾತೆ, ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ. ನಮೂನೆ 11ರಲ್ಲಿ 'ಎ' ಇದೆಯೋ 'ಬಿ' ಇದೆಯೋ ನೋಡಿ. 'ಬಿ' ಎಂದಿದ್ದರೆ ಬಡಾವಣೆಗೆ ಸರಿಯಾದ ಮಂಜೂರಾತಿ ಇಲ್ಲದಿರಬಹುದು, ಸಾಲಕ್ಕೂ ತೊಡಕು. ಹೊಲವನ್ನೇ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುವವರಿದ್ದಾರೆ. ಒಂದು ಗುಂಟೆ ಎಂದರೆ 1,089 ಚದರಡಿ, 30-40ರ ನಿವೇಶನಕ್ಕಿಂತ ಸ್ವಲ್ಪ ಕಡಿಮೆ. ಭೂ ಪರಿವರ್ತನೆ ಆದೇಶ, ಬಡಾವಣೆ ನಕ್ಷೆಯ ಮಂಜೂರಾತಿ ಎರಡೂ ಇಲ್ಲದ ತುಂಡು ಎಷ್ಟೇ ಅಗ್ಗವಾದರೂ ದುಬಾರಿಯೇ. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಹೋಮ್‌ಸ್ಟೇ ಕನಸು ಕಾಣುವವರು, 2012ರಲ್ಲಿ ಘೋಷಣೆಯಾದ ಪರಿಸರ ಸೂಕ್ಷ್ಮ ವಲಯದೊಳಗೆ ಜಾಗ ಬರುತ್ತದೆಯೇ ಎಂದು ಮೊದಲು ವಿಚಾರಿಸಿ.

ಋಣಭಾರ ಪತ್ರ (ಇ.ಸಿ.) ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಿ. ಮೂವತ್ತು ವರ್ಷದ್ದಾದರೂ ಇರಲಿ. ಆದರೆ ನೋಂದಣಿಯಾಗದ ಭೋಗ್ಯ, ಬಾಯಿಮಾತಿನ ಪಾಲುಪಾರಿಕತ್ತು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಮೂಲ ಪತ್ರವನ್ನೇ ಕಣ್ಣಾರೆ ನೋಡಿ. ಜೆರಾಕ್ಸ್ ಮಾತ್ರ ತೋರಿಸುವವರ ಮೂಲ ಪತ್ರ ಎಲ್ಲೋ ಅಡವಿಗೆ ಹೋಗಿರಬಹುದು. ಜಿ.ಪಿ.ಎ. ಮೇಲೆ ಮಾರಾಟ ಎನ್ನುವವರನ್ನು ದೂರವಿಡಿ. ಅದರಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. 2023ರ ತಿದ್ದುಪಡಿಯಿಂದ ಜಮೀನು ಮರಳಿ ಕೇಳಲು ಕಾಲಮಿತಿಯೂ ಇಲ್ಲ.

ಪಿತ್ರಾರ್ಜಿತ ಆಸ್ತಿಯಾದರೆ ಮಾರುವವರ ವಂಶವೃಕ್ಷ ಕೇಳಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಇದೆಯೇ ನೋಡಿ. 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಮಗಳಿಗೂ ಮಗನಷ್ಟೇ ಪಾಲು. "ಅವಳದ್ದೇನಿಲ್ಲ, ಅರಿಶಿನ ಕುಂಕುಮ ಕೊಟ್ಟಾಗಿದೆ" ಎಂಬ ಮಾತನ್ನು ನಂಬಿ ಕೊಂಡವರು ಮುಂದೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಹಾಗೆಯೇ, ನಿಮ್ಮ ದುಡಿಮೆಯ ಹಣವಾದರೆ ಕ್ರಯಪತ್ರದಲ್ಲಿ ನಿಮ್ಮ ಹೆಸರು ಇರಲಿ. ಒಬ್ಬರದ್ದೋ ಜಂಟಿಯೋ ಎಂಬುದನ್ನು ಮನೆಯಲ್ಲಿ ಕೂತು ಮೊದಲೇ ಮಾತಾಡಿಕೊಳ್ಳಿ. ನೋಂದಣಿಯಾದ ಮೇಲೆ ಹೆಸರು ಸೇರಿಸಬೇಕಾದರೆ ಮತ್ತೊಂದು ಪತ್ರ, ಮತ್ತೊಂದು ಖರ್ಚು.

ಮುಂಗಡ ಕೊಡುವ ದಿನ ಕರಾರು ಪತ್ರದಲ್ಲಿ ಒಂದು ಸಾಲು ಬರೆಸಲು ಮರೆಯಬೇಡಿ: ದಾಖಲೆಯಲ್ಲಿ ದೋಷ ಕಂಡುಬಂದರೆ ಮುಂಗಡವನ್ನು ಇಷ್ಟು ದಿನದೊಳಗೆ ಪೂರ್ತಿ ವಾಪಸು ಕೊಡತಕ್ಕದ್ದು. ಇದಕ್ಕೆ ಒಪ್ಪದ ಮಾರಾಟಗಾರರಿದ್ದರೆ ಹಣವನ್ನು ಸೆರಗಿನಲ್ಲೇ ಕಟ್ಟಿಕೊಂಡು ವಾಪಸು ಬನ್ನಿ.